ಸೀರೆ ಅಂಗಡಿಯ ದಾಸ್ತಾನಿಗೆ ಬಾರ್‌ಕೋಡ್ ಸಾಕೇ, ಆರ್‌ಎಫ್‌ಐಡಿ ಬೇಕೇ?

ಪ್ರಶ್ನೆ

ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರು ಆರಂಭಿಸಿದ ಸೀರೆ ಅಂಗಡಿಯಿದೆ. ಎರಡು ಮಹಡಿ ಮತ್ತು ಹಿಂದಿನ ಗೋದಾಮು ಸೇರಿ ಸುಮಾರು 8,000 ಸೀರೆಗಳಿರುತ್ತವೆ. ಈಗ ಬಾರ್‌ಕೋಡ್ ಚೀಟಿಯಿಂದಲೇ ಬಿಲ್ ಮಾಡುತ್ತಿದ್ದು, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಎಣಿಕೆಯಲ್ಲಿ. ಗಿರಾಕಿಗಳ ಮುಂದೆ ಗಾದಿಯ ಮೇಲೆ ಹರವಿದ ಸೀರೆಗಳು ಮಡಿಚಿದ ಮೇಲೆ ಯಾವ ಕಪಾಟು ಸೇರುತ್ತವೆ ಎಂಬುದು ತಿಳಿಯದು. ಮಾರ್ಚ್ ಕೊನೆಯಲ್ಲಿ ಎರಡು ದಿನ ಅಂಗಡಿ ಮುಚ್ಚಿ ಎಣಿಸಿದರೂ ಲೆಕ್ಕ ತಾಳೆಯಾಗುವುದಿಲ್ಲ. ಆರ್‌ಎಫ್‌ಐಡಿ (ರೇಡಿಯೋ ತರಂಗದಿಂದ ಓದುವ ಟ್ಯಾಗ್) ಹಾಕಿಸಿದರೆ ಅರ್ಧ ದಿನದಲ್ಲಿ ಎಣಿಕೆ ಮುಗಿಯುತ್ತದೆ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಮಾರಾಟಗಾರರ ಮಾತು ಸುಳ್ಳಲ್ಲ. ಬಾರ್‌ಕೋಡನ್ನು ಓದಲು ಸ್ಕ್ಯಾನರಿಗೆ ಚೀಟಿ ಕಾಣಬೇಕು, ಅದೂ ಒಂದೊಂದಾಗಿ. ಆರ್‌ಎಫ್‌ಐಡಿ ಟ್ಯಾಗ್ ಮಡಿಕೆಯೊಳಗಿದ್ದರೂ ಸಾಕು. ಅದಕ್ಕೆ ಬ್ಯಾಟರಿಯಿಲ್ಲ, ರೀಡರ್ ಕಳುಹಿಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಮರಳಿ ಹೇಳುತ್ತದೆ. ಟೋಲ್ ಗೇಟಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಇದೇ ಜಾತಿಯದು. ಕೈ ರೀಡರ್ ಹಿಡಿದು ಕಪಾಟಿನ ಮುಂದೆ ನಡೆದರೆ ನೂರಾರು ಸೀರೆಗಳ ಲೆಕ್ಕ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಬಾರ್‌ಕೋಡ್ ಚೀಟಿಯ ಖರ್ಚು ಪೈಸೆಗಳಲ್ಲಿದ್ದರೆ ಟ್ಯಾಗಿನದು ರೂಪಾಯಿಗಳಲ್ಲಿರುತ್ತದೆ. ರೀಡರಿನ ಬೆಲೆಯಂತೂ ಸಾಧಾರಣ ಸ್ಕ್ಯಾನರಿನ ಹತ್ತಾರು ಪಟ್ಟು. ಖರೀದಿಸುವುದಾದರೆ ಭಾರತದ 865–868 ಮೆಗಾಹರ್ಟ್ಸ್ ರೇಡಿಯೋ ಆವರ್ತನ ಪಟ್ಟಿಗೆ ಹೊಂದುವ ರೀಡರನ್ನೇ ಕೇಳಿ. ಅಮೆರಿಕದ 902–928 ಪಟ್ಟಿಯ ಯಂತ್ರ ಅಗ್ಗವಾಗಿ ಸಿಕ್ಕರೂ ಬೇಡ.

ಉತ್ತರ 2

ನಾವು ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಎರಡು ವರ್ಷಗಳಿಂದ ಇದನ್ನು ಬಳಸುತ್ತಿರುವುದರಿಂದ ಕರಪತ್ರದಲ್ಲಿ ಬರೆಯದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಲೋಹ ರೇಡಿಯೋ ತರಂಗವನ್ನು ತಡೆಯುತ್ತದೆ, ಅಸಲಿ ಜರಿಯಲ್ಲಿರುವುದು ಬೆಳ್ಳಿ. ಭಾರೀ ಜರಿಯ ಕಂಚಿ ಸೀರೆಗಳ ಸೆರಗಿನ ಮಡಿಕೆಯಲ್ಲಿ ಟ್ಯಾಗ್ ಸಿಕ್ಕಿಸಿದಾಗ ರೀಡರಿಗೆ ಅವು ಇಲ್ಲವೇ ಇಲ್ಲ ಎಂಬಂತಾಯಿತು. ದಾರ ಕಟ್ಟಿ ಹೊರಗೆ ಇಳಿಬಿಟ್ಟ ಮೇಲೆ ಸರಿಯಾಯಿತು. ಸ್ಟೀಲ್ ಬೀರುವಿನಲ್ಲಿಟ್ಟ ಸರಕಿಗೆ ಬಾಗಿಲು ತೆರೆಯದೆ ಗತಿಯಿಲ್ಲ. ಇನ್ನೊಂದು ವಿಚಿತ್ರವೆಂದರೆ, ಮಹಡಿಯನ್ನು ಎಣಿಸುವಾಗ ತೆಳು ಪ್ಲೈವುಡ್ ಗೋಡೆಯಾಚೆಯ ಗೋದಾಮಿನ ಸೀರೆಗಳೂ ಲೆಕ್ಕಕ್ಕೆ ಬಂದು, ಮಧ್ಯಾಹ್ನದವರೆಗೆ ನಾವು ಇಲ್ಲದ ಸೀರೆಗಳನ್ನು ಹುಡುಕಿದೆವು. ರೀಡರಿನ ಶಕ್ತಿ ತಗ್ಗಿಸಿದ ನಂತರ ಆ ಕಾಟ ತಪ್ಪಿತು.

ಪ್ರಶ್ನೆ ಕೇಳಿದವರು

ಜರಿಯ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದಗಳು. ನಮ್ಮಲ್ಲಿ ಒಂದೇ ಬಣ್ಣ, ಒಂದೇ ಅಂಚಿನ ಇಳಕಲ್ ಸೀರೆ 12 ಬಂದರೆ ಹನ್ನೆರಡಕ್ಕೂ ಒಂದೇ ಬಾರ್‌ಕೋಡ್ ಹಾಕುತ್ತೇವೆ. ಇದರಿಂದ ತೊಂದರೆಯಾಗುತ್ತದೆಯೇ?

ಉತ್ತರ 1

ನಿಮ್ಮ ಲೆಕ್ಕ ತಪ್ಪುತ್ತಿರುವುದೇ ಬಹುಶಃ ಅಲ್ಲಿ. ಹನ್ನೆರಡರಲ್ಲಿ ಒಂದು ಕಡಿಮೆಯಾದರೆ ಯಾವುದು, ಎಂದು ಬಂದದ್ದು, ಫಾಲ್ಸ್ ಹೊಲಿಯಲು ಹೋದದ್ದೋ ಗಿರಾಕಿ ಹಿಂತಿರುಗಿಸಿದ್ದೋ ಎಂದು ಕೇಳಲು ದಾರಿಯೇ ಇಲ್ಲ. ಕಿರಾಣಿ ಸಾಮಾನಿನ ಮೇಲೆ 890ರಿಂದ ಆರಂಭವಾಗುವ 13 ಅಂಕಿಗಳು ಸರಕಿನ ಬಗೆಯನ್ನಷ್ಟೇ ಹೇಳುತ್ತವೆ, ಬಿಸ್ಕತ್ತಿಗೆ ಅಷ್ಟು ಸಾಕು. ಸಾವಿರಾರು ರೂಪಾಯಿಯ ಸೀರೆಗೆ ಸಾಲದು. ಮೊದಲು ಒಂದೊಂದು ಸೀರೆಗೂ ಬೇರೆ ಸಂಖ್ಯೆ ಕೊಟ್ಟು ಈಗಿರುವ ಪ್ರಿಂಟರಿನಲ್ಲೇ ಬಾರ್‌ಕೋಡ್ ಮುದ್ರಿಸಿ, ಫಾಲ್ಸಿಗೆ ಹೊರಡುವಾಗಲೂ ಮರಳಿದಾಗಲೂ ಸ್ಕ್ಯಾನ್ ಮಾಡಿಸಿ. ಮುಂದೆ ಆರ್‌ಎಫ್‌ಐಡಿ ತಂದರೆ ಅದೇ ಸಂಖ್ಯೆಯನ್ನು ಟ್ಯಾಗಿಗೂ ಬರೆಯಬಹುದು.

ಉತ್ತರ 2

ಒಪ್ಪುತ್ತೇನೆ. ಆಮೇಲೂ ಎಣಿಕೆಯೇ ಭಾರವೆನಿಸಿದರೆ ರೇಷ್ಮೆ ವಿಭಾಗಕ್ಕೆ ಮಾತ್ರ ಟ್ಯಾಗ್ ಹಾಕಿಸಿ. ದಿನಬಳಕೆಯ ಸೀರೆಗಳಿಗೆ ಬಾರ್‌ಕೋಡ್ ಇರಲಿ. ಮುಂಗಡ ಕೊಡುವ ಮುನ್ನ ಮಾರಾಟಗಾರರನ್ನು ಅಂಗಡಿಗೇ ಕರೆಸಿ, ನಿಮ್ಮ ಅತಿ ಭಾರದ ಜರಿ ಸೀರೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಎಣಿಸಿ ತೋರಿಸಲು ಹೇಳಿ.