ದಿನವಿಡೀ ಕುರ್ಚಿ ಕೆಲಸ: ಬೆಳಗಿನ ವಾಕಿಂಗ್ ಒಂದೇ ಸಾಕಾ?

ಶಿರಾಗೇಟ್‌ನವ
ತುಮಕೂರಲ್ಲಿ ಸರ್ಕಾರಿ ಕಚೇರಿ, ಎಫ್‌ಡಿಎ ಕೆಲಸ. ವಯಸ್ಸು 43. ಹತ್ತರಿಂದ ಐದೂವರೆ ತನಕ ಕಂಪ್ಯೂಟರ್ ಮುಂದೆ. ವಾರಕ್ಕೆ ಐದು ದಿನ ಅಮಾನಿಕೆರೆ ಹತ್ರ 30 ನಿಮಿಷ ವಾಕಿಂಗ್ ಇದೆ. ಆದ್ರೂ ಸಂಜೆ ಹೊತ್ತಿಗೆ ಸೊಂಟ ಹಿಡ್ಕೊಳ್ಳುತ್ತೆ, ಕತ್ತು ಬಿಗಿ, ಕಾಲು ಭಾರ. ಜಿಮ್‌ಗೆ ಪುರುಸೊತ್ತಿಲ್ಲ. ಕಚೇರಿಯಲ್ಲಿ ನಾಲ್ಕು ಜನ ನೋಡಿ ನಗದ ಹಾಗೆ ಏನು ಮಾಡಬಹುದು? ಎಷ್ಟು ಸಲ, ಎಷ್ಟು ಹೊತ್ತು ಅಂತಲೂ ಹೇಳಿ.

ಕ್ಯಾತ್ಸಂದ್ರ ಫಿಸಿಯೋ
ಸಾರ್, ವಾಕಿಂಗ್ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ನಿಮ್ಮದು 150 ಆಯ್ತು. ಆದ್ರೆ ವೇಗ ನೋಡ್ಕೊಳ್ಳಿ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳಬೇಕು. ವರ್ಗಾವಣೆ ಸುದ್ದಿ ಮಾತಾಡ್ಕೊಂಡು ಹಾಕೋ ಸುತ್ತು ಈ ಲೆಕ್ಕಕ್ಕೆ ಬರಲ್ಲ. ಅದೇ ಮಾರ್ಗಸೂಚಿಯಲ್ಲಿ ಜನ ಮರೆಯೋ ಮಾತು ಇನ್ನೆರಡಿವೆ: ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ, ಮತ್ತೆ ಕೂರೋ ಹೊತ್ತನ್ನ ಕಮ್ಮಿ ಮಾಡೋದು.

ಮೀನಖಂಡ ಬಿಗಿಯಾಗಿ ಸಡಿಲವಾದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ತಳ್ಳಿಸ್ಕೊಳ್ಳುತ್ತೆ. ಗಂಟೆಗಟ್ಟಲೆ ಕೂತರೆ ಆ ಪಂಪೇ ನಿಂತ ಹಾಗೆ, ಅದಕ್ಕೇ ಭಾರ. ಹಾಗಾಗಿ 30–40 ನಿಮಿಷಕ್ಕೊಮ್ಮೆ ಏಳಿ, ಎರಡು ನಿಮಿಷ ಸಾಕು. ಅಲಾರಂ ಇಟ್ಟರೆ ಮೂರನೇ ದಿನಕ್ಕೆ ಆಫ್ ಮಾಡ್ತೀರಿ. ಅದರ ಬದಲು ಎರಡು ಲೀಟರ್ ಬಾಟಲಿ ಮನೇಲಿಟ್ಟು ಅರ್ಧ ಲೀಟರಿನದ್ದು ತನ್ನಿ, ನೀರಿಗೆ ಏಳಲೇಬೇಕಾಗುತ್ತೆ. ಎದ್ದಾಗ ಬೀರು ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, 15 ಸಲ. ಎರಡು ಎಣಿಸೋವಷ್ಟರಲ್ಲಿ ಮೇಲೆ, ಮೂರು ಎಣಿಸ್ತಾ ಕೆಳಗೆ. ದಪ್ಪಂತ ಇಳಿಸಿದರೆ ಅರ್ಧ ಪ್ರಯೋಜನ ಹೋಯ್ತು.

ಮನೇಲಿ ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಟ್ಟು:
– ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು. 10 ಸಲ, ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಮಂಡಿ ಒಳಕ್ಕೆ ವಾಲಬಾರದು, ಪಾದದ ದಿಕ್ಕಿಗೇ ಇರಲಿ. ಚಕ್ರದ ಕುರ್ಚಿ ಬೇಡ. ಗಟ್ಟಿ ಕುರ್ಚಿನ ಗೋಡೆಗೆ ಒತ್ತಿ ಇಡಿ.
– ಗೋಡೆಗೆ ಕೈ ಊರಿ ದಂಡ, 10 ಸಲ, ಮೂರು ಸುತ್ತು. 15 ಸಲೀಸಾದ ಮೇಲೆ ಗೋಡೆ ಬಿಟ್ಟು ಅಡುಗೆಮನೆ ಕಟ್ಟೆ.
– ಬ್ಯಾಗಿಗೆ ಎರಡು ಲೀಟರಿನ ಎರಡು ಬಾಟಲಿ ತುಂಬಿ ಹಾಕಿ, ಅಲ್ಲಿಗೆ 4 ಕೆ.ಜಿ. ಆಯ್ತು. ಒಂದು ಕೈ ಮಂಚಕ್ಕೆ ಊರಿ ಬಗ್ಗಿ, ಇನ್ನೊಂದು ಕೈಲಿ ಬ್ಯಾಗನ್ನ ಸೊಂಟದತ್ತ ಎಳೀರಿ. ಪ್ರತಿ ಕೈಗೆ 10. ಬೆನ್ನು ಗೂನಾದರೆ ತೂಕ ಇಳಿಸಿ.

ಸೊಂಟಕ್ಕೆ: ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಕಾಲು ಮುಂದಿಟ್ಟು, ಪೃಷ್ಠ ಬಿಗಿಹಿಡಿದು ಸ್ವಲ್ಪ ಮುಂದಕ್ಕೆ ಜರುಗಿ. ತೊಡೆಸಂದಿನ ಮುಂಭಾಗ ಎಳೆದ ಹಾಗಾಗಬೇಕು. 30 ಸೆಕೆಂಡ್, ಎರಡೂ ಕಡೆ. ಹೊಟ್ಟೆ ಮುಂದೆ ತಳ್ಳಿದರೆ ಎಳೆತವೆಲ್ಲ ಸೊಂಟಕ್ಕೇ ಬೀಳುತ್ತೆ.

ನೋವು ಪೃಷ್ಠದಿಂದ ಪಾದದವರೆಗೆ ಇಳೀತಿದ್ರೆ, ಕಾಲು ಜೋಮು ಹಿಡೀತಿದ್ರೆ, ಇದ್ಯಾವುದನ್ನೂ ಮಾಡದೆ ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ.

ಬಿಎಚ್‌ರೋಡ್
ಕತ್ತಿನ ವಿಷಯಕ್ಕೆ ಟೇಬಲ್ ನೋಡಿ. ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರೋ ಹಾಗೆ ಕುರ್ಚಿ ಎತ್ತರಿಸಿ. ಆಗ ಪಾದ ನೇತಾಡಿದರೆ ಎ4 ಪೇಪರ್ ಬಂಡಲ್ ಕಾಲಡಿಗೆ ಇಡಿ. 500 ಹಾಳೆಯ ಬಂಡಲ್ ಸುಮಾರು 5 ಸೆಂ.ಮೀ. ದಪ್ಪ, ಎಷ್ಟು ಬೇಕೋ ಅಷ್ಟು. (ಬರೆದಿರೋ ಕಡತ ಇಡಬೇಡಿ, ಆಡಿಟ್‌ನಲ್ಲಿ ಹುಡುಕಬೇಕಾದೀತು.) ಮಾನಿಟರ್ ಒಂದು ತೋಳಿನ ದೂರದಲ್ಲಿ, ಮೇಲಂಚು ಕಣ್ಣಿನ ಮಟ್ಟಕ್ಕೆ.

ಒಂದು ವಿನಾಯಿತಿ ಇದೆ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಇದ್ದರೆ ಪರದೆ ಇನ್ನೂ ಕೆಳಗಿರಲಿ. ಇಲ್ಲಾಂದ್ರೆ ಕೆಳಗಿನ ಗಾಜಲ್ಲಿ ಓದೋಕೆ ಗದ್ದ ಮೇಲೆತ್ತಿ ಕೂರ್ತೀವಿ, ಕತ್ತು ಬಿಗಿಯೋದು ಅಲ್ಲಿಂದಲೇ. ನಲವತ್ತು ದಾಟಿದವರಲ್ಲಿ ಇದನ್ನ ಯಾರೂ ಮೊದಲು ನೋಡಲ್ಲ.

ಶಿರಾಗೇಟ್‌ನವ
ಕನ್ನಡಕ ಪ್ರೋಗ್ರೆಸಿವ್ವೇ! ಮಾನಿಟರ್ ಕೆಳಗಿರೋ ಎರಡು ಪುಸ್ತಕ ಇವತ್ತೇ ತೆಗೀತೀನಿ. ಇನ್ನೆರಡು ಡೌಟು. ಮಧ್ಯಾಹ್ನ ಮುದ್ದೆ ಊಟ ಆದ ತಕ್ಷಣ ನಡೀಬಹುದಾ? ಭಾನುವಾರ ದೇವರಾಯನದುರ್ಗ ಹತ್ತಿದರೆ ವಾರದ್ದೆಲ್ಲ ಸರಿಹೋಗುತ್ತಾ?

ಕ್ಯಾತ್ಸಂದ್ರ ಫಿಸಿಯೋ
ಊಟದ ಮೇಲೆ 10–15 ನಿಮಿಷ ನಿಧಾನಕ್ಕೆ ನಡೀರಿ, ರಕ್ತದ ಸಕ್ಕರೆ ಏರೋದು ತಗ್ಗುತ್ತೆ. ಬಗ್ಗೋದು, ದಂಡ ಹೊಡಿಯೋದು ಆಗ ಬೇಡ. ಶುಗರಿಗೆ ಇನ್ಸುಲಿನ್ ಅಥವಾ ಗ್ಲೈಮಿಪಿರೈಡ್ ಥರದ ಮಾತ್ರೆ ತಗೊಳ್ಳೋರು ಮಾತ್ರ ಬೆಳಗ್ಗೆ ಖಾಲಿ ಹೊಟ್ಟೇಲಿ ಉದ್ದ ನಡಿಗೆ ಹೊರಡೋ ಮೊದಲು ಡಾಕ್ಟರನ್ನ ಕೇಳಿ. ಜೇಬಲ್ಲಿ 15 ಗ್ರಾಂ ಗ್ಲೂಕೋಸ್ ಪುಡಿ ಇರಲಿ. ನಡುಕ, ಬೆವರು ಬಂದರೆ ತಕ್ಷಣ ಬಾಯಿಗೆ.

ದುರ್ಗ ಹತ್ತಿ, ಒಳ್ಳೇದೇ. ಆದ್ರೆ ಆರು ದಿನದ ಕೂರಾಟಕ್ಕೆ ಅದು ಪರಿಹಾರ ಅಲ್ಲ. ತೊಂದರೆ ಕೊಡೋದು ಇಳಿಯುವಾಗ: ತೊಡೆ ಸ್ನಾಯು ಹಿಗ್ಗುತ್ತಲೇ ಭಾರ ತಡೀಬೇಕು, ಅಭ್ಯಾಸ ಇಲ್ಲದೋರಿಗೆ ಸೋಮವಾರ, ಮಂಗಳವಾರ ಮೆಟ್ಟಿಲು ಇಳಿಯೋಕೂ ಆಗಲ್ಲ. ಕುರ್ಚಿ ವ್ಯಾಯಾಮ ಒಂದು ತಿಂಗಳು ಮಾಡಿ ಆಮೇಲೆ ಹೋಗಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಚಿರಲಿ, ಓಡಬೇಡಿ. ಹತ್ತುವಾಗ ಎದೆ ಬಿಗಿದರೆ ಅಲ್ಲೇ ಕೂತ್ಕೊಂಡು 108ಕ್ಕೆ ಫೋನ್ ಮಾಡಿಸಿ. ಗ್ಯಾಸ್ ಅಂತ ಸೋಡಾ ಕುಡ್ಕೊಂಡು ಮುಂದುವರೀಬೇಡಿ.