ಹೋಲ್ ಬಾಡಿ ಕೌಂಟರಿಗೆ ಪೊಲೋನಿಯಂ ಏಕೆ ಕಾಣುವುದಿಲ್ಲ?

ಪ್ರಶ್ನೆ:
ದೇಹದೊಳಗಿನ ವಿಕಿರಣವನ್ನು ಹೊರಗಿನಿಂದಲೇ ಅಳೆಯುವ ಹೋಲ್ ಬಾಡಿ ಕೌಂಟರಿನ ಗ್ಯಾಮಾ ರೋಹಿತದಲ್ಲಿ (ಗ್ಯಾಮಾ ಕಿರಣಗಳನ್ನು ಶಕ್ತಿಗನುಗುಣವಾಗಿ ಎಣಿಸಿದ ನಕ್ಷೆಯಲ್ಲಿ) 1461 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಪೊಟ್ಯಾಸಿಯಂ-40ರ ಶಿಖರವೊಂದೇ ಎದ್ದು ಕಾಣುತ್ತದೆ. ಆಹಾರ ಮತ್ತು ನೀರಿನ ಮೂಲಕ ಪೊಲೋನಿಯಂ-210, ಸೀಸ-210 ಮುಂತಾದ ವಿಕಿರಣಶೀಲ ಧಾತುಗಳೂ ದೇಹವನ್ನು ಸೇರುತ್ತವಷ್ಟೆ. ಉಪಕರಣಕ್ಕೆ ಸಿಗದ ಇವುಗಳ ಪ್ರಮಾಣವನ್ನು ತಿಳಿಯುವುದು ಹೇಗೆ?

ಉತ್ತರ 1:
ಪೊಟ್ಯಾಸಿಯಂ-40 ಸುಲಭಕ್ಕೆ ಸಿಗುವುದು ಅದರ ಪ್ರಮಾಣ ಹೆಚ್ಚಿರುವುದರಿಂದ. 70 ಕಿಲೋ ತೂಕದ ವಯಸ್ಕರಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಗ್ರಾಂ ಒಂದಕ್ಕೆ ಸುಮಾರು 31 ಬೆಕೆರೆಲ್‌ನಂತೆ (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣುವಿನ ವಿಘಟನೆ) ಒಟ್ಟು 4000 ಬೆಕೆರೆಲ್ ದಾಟುತ್ತದೆ. ವಿಘಟನೆಗಳ ಪೈಕಿ ಶೇ. 11ರಷ್ಟು ಮಾತ್ರ ಗ್ಯಾಮಾ ಕಿರಣ ಹೊಮ್ಮಿಸಿದರೂ ದಪ್ಪ ಉಕ್ಕಿನ ಕವಚದೊಳಗೆ ಗ್ಯಾಮಾ ಕಿರಣಗಳನ್ನು ಪತ್ತೆಹಚ್ಚುವ ಸೋಡಿಯಂ ಅಯೊಡೈಡ್ ಹರಳಿಗೆ ಅಷ್ಟು ಸಾಕು. ಕಾರ್ಬನ್-14 ಕೂಡ ಹೆಚ್ಚುಕಡಿಮೆ ಇಷ್ಟೇ ಬೆಕೆರೆಲ್ ಇದ್ದರೂ ಅದು ಬೀಟಾ ಕಣವನ್ನಷ್ಟೇ ಹೊಮ್ಮಿಸುವುದರಿಂದ ರೋಹಿತದಲ್ಲಿ ಅದರ ಗುರುತೇ ಇರುವುದಿಲ್ಲ.

ಒಂದು ಎಚ್ಚರಿಕೆಯ ಮಾತು: 609 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ರೇಡಿಯಂ, ರೇಡಾನ್‌ಗಳ ವಿಘಟನೆಯ ಸರಣಿಯಲ್ಲಿ ಹುಟ್ಟುವ ಬಿಸ್ಮತ್-214ರ ಶಿಖರ ಕಂಡರೆ, ಅದು ದೇಹದೊಳಗಿನ ರೇಡಿಯಂನದ್ದೆಂದು ತೀರ್ಮಾನಿಸಬಾರದು. ಗಾಳಿಯ ರೇಡಾನ್‌ನಿಂದ ಹುಟ್ಟಿದ ಕಣಗಳು ಕೂದಲಿಗೂ ಬಟ್ಟೆಗೂ ಅಂಟಿಕೊಂಡಿರುತ್ತವೆ. ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ ಅಳೆಯುವುದು ಇದಕ್ಕಾಗಿಯೇ.

ಉತ್ತರ 2:
ಪೊಲೋನಿಯಂ-210 ಆಲ್ಫಾ ಕಣ ಹೊಮ್ಮಿಸುತ್ತದೆ. ಒಂದು ಲಕ್ಷ ವಿಘಟನೆಗಳಿಗೆ ಸುಮಾರು ಒಂದು ಗ್ಯಾಮಾ ಕಿರಣ ಹೊರಬಿದ್ದರೆ ಹೆಚ್ಚು. ಆಲ್ಫಾ ಕಣವಂತೂ ಅಂಗಾಂಶದಲ್ಲಿ ಕೂದಲೆಳೆಯಷ್ಟು ದೂರವನ್ನೂ ಕ್ರಮಿಸದು. ಆದ್ದರಿಂದ ಮೂತ್ರದ ಮಾದರಿಗೇ ಮೊರೆಹೋಗಬೇಕು. ಮಾದರಿಗೆ ತಿಳಿದ ಪ್ರಮಾಣದ ಪೊಲೋನಿಯಂ-209 ಬೆರೆಸಿ, ಆಮ್ಲದಲ್ಲಿ ಜೀರ್ಣಿಸಿ, ಬಿಸಿ ದ್ರಾವಣದಲ್ಲಿ ಬೆಳ್ಳಿಯ ಬಿಲ್ಲೆಯನ್ನು ಇಟ್ಟರೆ ಪೊಲೋನಿಯಂ ತಾನಾಗಿಯೇ ಅದರ ಮೇಲೆ ಲೇಪಗೊಳ್ಳುತ್ತದೆ. ಬಳಿಕ ನಿರ್ವಾತ ಕೋಣೆಯಲ್ಲಿ ಸಿಲಿಕಾನ್ ಶೋಧಕದಿಂದ ಎಣಿಸಿದಾಗ, 209 ಎಷ್ಟು ಮರಳಿ ಸಿಕ್ಕಿತು ಎಂಬುದರಿಂದ ಸಂಸ್ಕರಣೆಯ ನಷ್ಟವೂ ತಿಳಿಯುತ್ತದೆ. ಸೀಸ-210ರ 46.5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ದುರ್ಬಲ ಗ್ಯಾಮಾವನ್ನು, ಮೂಳೆಯ ಮೇಲೆ ಮಾಂಸ ಕಡಿಮೆಯಿರುವ ತಲೆಬುರುಡೆಯ ಬಳಿ ಶೋಧಕವಿಟ್ಟು ಅಳೆಯುವ ಕ್ರಮವೂ ಇದೆ. ಸೀಸ-210 ರೇಡಾನ್‌ನ ವಿಘಟನೆಯಿಂದಲೂ ಹುಟ್ಟುವುದರಿಂದ, ಹಿಂದೆ ಹೆಚ್ಚು ರೇಡಾನ್ ಉಸಿರಾಡಿದ ಗಣಿಗಾರರಲ್ಲಿ ಇದು ಉಪಯುಕ್ತ.

ಪ್ರಶ್ನೆ ಕೇಳಿದವರು:
ಮೂತ್ರದಲ್ಲಿ ಸಿಕ್ಕ ಮಿಲಿಬೆಕೆರೆಲ್‌ಗಳಿಂದ ಡೋಸ್ (ದೇಹಕ್ಕೆ ತಗಲುವ ವಿಕಿರಣದ ಪ್ರಮಾಣ) ನೇರವಾಗಿ ಸಿಗುತ್ತದೆಯೇ?

ಉತ್ತರ 3:
ಇಲ್ಲ. ಸೇವನೆಯ ಎಷ್ಟು ಪಾಲು ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಯಾವ ಅಂಗದಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬ ಜೈವಿಕ ಚಲನೆಯ ಮಾದರಿಯನ್ನು ನಡುವೆ ತರಬೇಕು; ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅನಿಶ್ಚಿತತೆ ಇರುವುದು ಎಣಿಕೆಯಲ್ಲಲ್ಲ, ಇಲ್ಲಿಯೇ. ಪೊಟ್ಯಾಸಿಯಂಗೆ ಈ ತೊಡಕಿಲ್ಲ: ದೇಹವೇ ಅದರ ಮಟ್ಟವನ್ನು ಕಾಯುವುದರಿಂದ, ಎಷ್ಟು ಸೇವಿಸಿದರೂ ಡೋಸ್ ವರ್ಷಕ್ಕೆ ಸುಮಾರು 0.17 ಮಿಲಿಸೀವರ್ಟ್‌ನ (ಡೋಸ್‌ನ ಅಳತೆಮಾನ) ಆಸುಪಾಸಿನಲ್ಲೇ ಉಳಿಯುತ್ತದೆ. ಯುರೇನಿಯಂ, ಥೋರಿಯಂ ಸರಣಿಗಳ ಧಾತುಗಳಿಂದ ಆಹಾರದ ಮೂಲಕ ಬರುವ ಜಾಗತಿಕ ಸರಾಸರಿ ಡೋಸ್ ವರ್ಷಕ್ಕೆ 0.12 ಮಿಲಿಸೀವರ್ಟ್‌ನಷ್ಟು, ಅದರಲ್ಲಿ ಸಿಂಹಪಾಲು ಕೌಂಟರಿಗೆ ಕಾಣದ ಪೊಲೋನಿಯಂನದ್ದು.