ಕಸೂತಿಯ ಗೋಪುರ ಮಣಿಗಳಲ್ಲಿ ಮೂಡಿತು, ಇಸ್ತ್ರಿಗೆ ಬಾಗಿತು

ಪ್ರಶ್ನೆ (ಧಾರವಾಡದಿಂದ)

ಬಿಸಿಗೆ ಬೆಸೆದುಕೊಳ್ಳುವ ಪ್ಲಾಸ್ಟಿಕ್ ಮಣಿಗಳಿಂದ ಎರಡು ವರ್ಷಗಳಿಂದ ಚಿತ್ರ ಮಾಡುತ್ತಿದ್ದೇನೆ. 5 ಮಿಲಿಮೀಟರಿನ ಹಾಮಾ ಕಂಪನಿಯ ಮಣಿ, ಉದ್ದಕ್ಕೂ ಅಡ್ಡಕ್ಕೂ 29 ಮೊಳೆಗಳಿರುವ ಚೌಕ ಹಲಗೆ. ಆರಂಭಿಸಿದ್ದು ಮಗನಿಗೆಂದು ವಿಡಿಯೊ ಗೇಮಿನ ಮಾರಿಯೋ ಮಾಡಿಕೊಡಲು. ಈಗ ಮನಸ್ಸೆಲ್ಲ ಅಜ್ಜಿಯ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲಿದೆ. ಅದರ ಸೆರಗಿನಲ್ಲಿ ಅಜ್ಜಿಯೇ ಹಾಕಿದ ಕಸೂತಿಯ ಗೋಪುರವಿದೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸುತ್ತಲೇ ಹಾಕಿದ ಕೆಲಸ. ನಾನೂ ಹಾಗೆಯೇ ಎಣಿಸಿ ಚೌಕದ ಕಾಗದಕ್ಕೆ ಇಳಿಸಿಕೊಂಡು, ನಾಲ್ಕು ಹಲಗೆಗಳನ್ನು ಎರಡೆರಡಾಗಿ ಜೋಡಿಸಿ, ಕಪ್ಪು ಮಣಿಗಳ ನಡುವೆ ಕೆಂಪು, ಹಳದಿ, ಹಸಿರು ಮಣಿಗಳನ್ನು ಕೂರಿಸಿದೆ. ಒಟ್ಟು 3,364 ಮಣಿಗಳು, ಹನ್ನೊಂದು ರಾತ್ರಿ.

ಇಸ್ತ್ರಿ ಹಾಕಿದಾಗ ನಡುವಿನ ಮಣಿಗಳು ಕರಗಿ ತೂತೇ ಮುಚ್ಚಿಹೋಯಿತು, ಅಂಚಿನವು ಅಂಟಲೇ ಇಲ್ಲ. ತಣ್ಣಗಾಗುವಷ್ಟರಲ್ಲಿ ಇಡೀ ಚಿತ್ರ ಹಪ್ಪಳದಂತೆ ಬಾಗಿತು. ಒಂದು ಹಲಗೆಯ ಮೊಳೆಗಳೂ ಸೊಟ್ಟಗಾಗಿವೆ. ಬರುವ ತಿಂಗಳು ಅಮ್ಮನಿಗೆ ಅರವತ್ತು ತುಂಬುತ್ತದೆ, ಅಷ್ಟರೊಳಗೆ ಇನ್ನೊಮ್ಮೆ ಮಾಡಬೇಕು. ಎಲ್ಲಿ ತಪ್ಪಿದೆ?

ಉತ್ತರ (ಮೈಸೂರಿನಿಂದ)

ಅಕ್ಕ, ಅಷ್ಟು ದೊಡ್ಡ ಚಿತ್ರವನ್ನು ಹಲಗೆಯ ಮೇಲಿಟ್ಟೇ ಇಸ್ತ್ರಿ ಮಾಡಬೇಡಿ. ಮಣಿ ಕೂರಿಸಿ ಮುಗಿದ ಮೇಲೆ ಮೇಲ್ಭಾಗಕ್ಕೆ ಅಗಲವಾದ ಮಾಸ್ಕಿಂಗ್ ಟೇಪನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸಿ, ಚೆನ್ನಾಗಿ ಉಜ್ಜಿ. ಪ್ರತಿ ಮಣಿಯ ತೂತಿನ ಮೇಲೂ ಟೇಪಿಗೆ ಸೂಜಿಯಿಂದ ಚುಚ್ಚಿ. ಬೇಸರದ ಕೆಲಸ, ಆದರೆ ಬಿಡಬೇಡಿ: ಒಳಗಿನ ಬಿಸಿ ಗಾಳಿ ಹೊರಹೋಗಲು ದಾರಿ ಬೇಕು. ಮೇಲೊಂದು ರಟ್ಟು ಇಟ್ಟು ಎಲ್ಲವನ್ನೂ ಒಟ್ಟಿಗೆ ಮಗುಚಿ, ಹಲಗೆಗಳನ್ನು ನಿಧಾನವಾಗಿ ಎತ್ತಿ. ಈಗ ಟೇಪಿಲ್ಲದ ಬದಿ ಮೇಲಿರುತ್ತದೆ. ಬಟರ್ ಪೇಪರ್ ಹಾಸಿ ಆ ಬದಿಗೆ ಮೊದಲು ಇಸ್ತ್ರಿ ಮಾಡಿ. ಹಲಗೆ ಉಳಿಯುತ್ತದೆ.

ಹಬೆ ಪೂರ್ತಿ ನಿಲ್ಲಿಸಿ, ಬಿಸಿ ಮಧ್ಯಮವಿರಲಿ. ಪೆಟ್ಟಿಗೆಯನ್ನು ಒತ್ತದೆ, ಒಂದೆಡೆ ನಿಲ್ಲಿಸದೆ ಸುತ್ತಿಸುತ್ತಿರಿ, ಅಂಚಿನಿಂದ ಒಳಕ್ಕೆ ಬನ್ನಿ. ಬಿಸಿಯಿರುವಾಗಲೇ ಬಟರ್ ಪೇಪರಿನ ಸಮೇತ ಸಮತಟ್ಟಾದ ನೆಲದಲ್ಲಿಟ್ಟು ಭಾರ ಹೇರಿ. ನಾನು ಕಡಪಾ ಕಲ್ಲಿನ ತುಂಡು ಇಡುತ್ತೇನೆ. ಪೂರ್ತಿ ತಣ್ಣಗಾದ ಮೇಲೆ ಟೇಪ್ ಕಿತ್ತು ಇನ್ನೊಂದು ಬದಿಗೂ ಇಷ್ಟೇ ಬಿಸಿ ಕೊಡಿ. ಒಂದೇ ಬದಿ ಕರಗಿದರೆ ಆ ಬದಿ ಕುಗ್ಗಿ ಚಿತ್ರವನ್ನು ಎಳೆಯುತ್ತದೆ. ನಿಮ್ಮದು ಬಾಗಿದ್ದು ಹೀಗೆಯೇ ಇರಬೇಕು.

ಉತ್ತರ (ಹುಬ್ಬಳ್ಳಿಯಿಂದ)

ತಂಗಿ, ನಾನು ಕಸೂತಿ ಹಾಕುವವಳು, ಮಣಿ ಹಿಡಿದದ್ದು ಈಚೆಗೆ. ಎರಡು ಮಾತು. ಗವಂತಿ ಮತ್ತು ಮುರ್ಗಿ ಗೆರೆಯ ಹೊಲಿಗೆಗಳು. ಗೆರೆ ಹಾಯುವುದು ಎರಡು ತೂತುಗಳ ನಡುವೆ. ಮಣಿ ತುಂಬುವುದು ಕಾಗದದ ಒಂದು ಚೌಕದ ಮನೆಯನ್ನು. ಆದ್ದರಿಂದ ಗೆರೆಗೊಂದು ಮಣಿಯಂತೆ ಇಳಿಸಿದರೆ ಗೋಪುರ ದಪ್ಪಗಾಗಿ ಒಳಗಿನ ಬಯಲು ಕಿರಿದಾಗುತ್ತದೆ. ಮೆಂತಿ ಹೊಲಿಗೆಯಾದರೆ ಒಂದು ಅಡ್ಡಕತ್ತರಿಗೆ ಒಂದು ಮಣಿ, ಲೆಕ್ಕ ನೇರ.

ಇನ್ನೊಂದು, ನಾಲ್ಕು ಹಲಗೆ ಜೋಡಿಸಿದರೆ ಅಗಲ 58, ಸಮಸಂಖ್ಯೆ. ನಡುವಿನ ಸಾಲೇ ಇಲ್ಲದಿದ್ದಾಗ ಒಂದೇ ಮಣಿಯ ಕಳಸ ಎಲ್ಲಿ ಕೂರಬೇಕು? ಒಂದು ಅಂಚಿನ ಸಾಲನ್ನು ಖಾಲಿ ಬಿಟ್ಟು 57ಕ್ಕೆ ನಿಲ್ಲಿಸು. ಆಗ 29ನೆಯ ಸಾಲು ನಟ್ಟನಡುವೆ ಬರುತ್ತದೆ.

ಕೇಳಿದವರ ಮರುನುಡಿ

ಅಕ್ಕ, ಕಳಸವನ್ನು ಎರಡು ಮಣಿ ಅಗಲ ಮಾಡಿದ್ದೆ. ಅಜ್ಜಿಯ ಗೋಪುರ ಅಷ್ಟು ಚೂಪಾಗಿದ್ದರೂ ನನ್ನದು ಮೊಂಡಾಗಿ ಕಂಡದ್ದೇಕೆ ಎಂದು ಈಗ ತಿಳಿಯಿತು. ಇವತ್ತು ಸಣ್ಣ ಹಲಗೆಯಲ್ಲಿ ಒಂದು ತುಳಸಿಕಟ್ಟೆ ಕೂರಿಸಿ, ಟೇಪ್ ಹಚ್ಚಿ ಪರೀಕ್ಷಿಸಿದೆ. ಕಲ್ಲಿನ ಬದಲು ಒರಳುಕಲ್ಲಿನ ಗುಂಡು ಕೈಗೆ ಸಿಕ್ಕಿತು, ಅದನ್ನು ಮಣೆಯ ಮೇಲಿಟ್ಟೆ. ತುಳಸಿಕಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿದೆ. ನಾಳೆಯಿಂದ ಕಪ್ಪು ಮಣಿ ಎಣಿಸಲು ಶುರು ಮಾಡುತ್ತೇನೆ.